ಆಫೀಸಿನ ಕೇಬಲ್ ನೆಟ್‌ವರ್ಕ್‌ಗೆ ವೈಫೈ ಸೇರಿಸುವುದು: ಯಾವುದು ಮೊದಲು, ಯಾವುದು ಆಮೇಲೆ

ಜುಲೈ ತಿಂಗಳು, ಒಂದು ಆಡಿಟರ್ ಆಫೀಸು. ರಿಟರ್ನ್ಸ್ ಫೈಲ್ ಮಾಡುವ ಗಡಿಬಿಡಿ. ಬೆಳಿಗ್ಗೆ ಹತ್ತೂಕಾಲಿಗೆ ಯಾರೋ ಹೊಸ ವೈಫೈ ರೂಟರ್ ತಂದು, ನೆಟ್‌ವರ್ಕ್ ಸ್ವಿಚ್‌ನಲ್ಲಿ (ಎಲ್ಲ ಕಂಪ್ಯೂಟರ್‌ಗಳ ಕೇಬಲ್ ಬಂದು ಸೇರುವ ಡಬ್ಬಿ) ಖಾಲಿ ಇದ್ದ ಪೋರ್ಟ್‌ಗೆ ಚುಚ್ಚಿದರು. ಹತ್ತೂವರೆಗೆ ನನಗೆ ಫೋನ್ ಬಂತು: "ಅರ್ಧ ಸಿಸ್ಟಮ್‌ನಲ್ಲಿ ಟ್ಯಾಲಿ ಓಪನ್ ಆಗ್ತಿಲ್ಲ ಸಾರ್, ಇನ್ನರ್ಧದಲ್ಲಿ ಆಗ್ತಿದೆ." ಹೋಗಿ ನೋಡಿದೆ. ಹತ್ತು ಗಂಟೆಗೇ ಬಂದು ಕಂಪ್ಯೂಟರ್ ಆನ್ ಮಾಡಿದವರದ್ದೆಲ್ಲ ಸರಿ ಇತ್ತು. ತಡವಾಗಿ ಬಂದವರದ್ದು ಕೆಟ್ಟಿತ್ತು.

ಹಳೆಯ ರೂಟರ್ 192.168.1 ಸಾಲಿನ ಐಪಿ ಅಡ್ರೆಸ್ (ನೆಟ್‌ವರ್ಕ್‌ನಲ್ಲಿ ಪ್ರತಿ ಸಾಧನಕ್ಕೂ ಇರುವ ವಿಳಾಸ) ಹಂಚುತ್ತಿತ್ತು. ಹೊಸದು ಬಂದ ಕೂಡಲೇ ತಾನೂ 192.168.0 ಸಾಲಿನದು ಹಂಚಲು ಶುರು ಮಾಡಿತು. ಆಮೇಲೆ ಆನ್ ಆದ ಸಿಸ್ಟಮ್‌ಗಳು ಅದರ ಕೈಗೆ ಸಿಕ್ಕಿಬಿದ್ದವು. ಟ್ಯಾಲಿ ಇರುವ ಸರ್ವರ್ ಬೇರೆ ಸಾಲಿನಲ್ಲಿ, ಇವು ಬೇರೆ ಸಾಲಿನಲ್ಲಿ. ಒಂದಕ್ಕೊಂದು ಸಿಗುತ್ತಿರಲಿಲ್ಲ.

ಇದೇ ತಪ್ಪನ್ನು ಎಷ್ಟೋ ಆಫೀಸುಗಳಲ್ಲಿ ನೋಡಿದ್ದೇನೆ. ಒಂದು ಆಫೀಸಿನಲ್ಲಿ ಐಪಿ ಹಂಚುವವರು ಒಬ್ಬರೇ ಇರಬೇಕು. ಇದೊಂದು ತಲೆಯಲ್ಲಿದ್ದರೆ ಮುಂದಿನ ಹಂತಗಳೆಲ್ಲ ಸುಲಭ. ಇಲ್ಲಿ ಹೇಳಿರುವುದು 10ರಿಂದ 30 ಕಂಪ್ಯೂಟರ್, ಒಂದು ಇಂಟರ್ನೆಟ್ ಲೈನ್, ಒಂದೆರಡು ಸ್ವಿಚ್, ಒಂದೆರಡು ಪ್ರಿಂಟರ್ ಇರುವ ಆಫೀಸಿಗೆ.

ಕೈಯಲ್ಲಿ ಏನೇನಿರಬೇಕು

ಲ್ಯಾನ್ ಪೋರ್ಟ್ ಇರುವ ಒಂದು ಲ್ಯಾಪ್‌ಟಾಪ್. ಎರಡು ಮೀಟರ್‌ನ ರೆಡಿಮೇಡ್ ಪ್ಯಾಚ್ ಕೇಬಲ್. ಕ್ರಿಂಪಿಂಗ್ ಟೂಲ್, ಆರ್‌ಜೆ45 ಕನೆಕ್ಟರ್, ಕೇಬಲ್ ಟೆಸ್ಟರ್. ವೈಫೈ ಅನಲೈಜರ್ ಆ್ಯಪ್ ಹಾಕಿದ ಒಂದು ಆಂಡ್ರಾಯ್ಡ್ ಫೋನ್. ಒಂದು ನೋಟ್‌ಬುಕ್, ಮಾರ್ಕರ್ ಪೆನ್ನು. ಹಳೆಯ ರೂಟರ್‌ನ ಅಡ್ಮಿನ್ ಪಾಸ್‌ವರ್ಡ್ ಕೂಡ ಬೇಕು. ಅದು ಯಾರ ಹತ್ತಿರ ಇದೆ ಅಂತ ಮೊದಲೇ ಕೇಳಿಟ್ಟುಕೊಳ್ಳಿ. ಕೆಲಸ ಅರ್ಧವಾದಾಗ ಪಾಸ್‌ವರ್ಡ್ ಹುಡುಕಲು ಹೊರಟರೆ ಇಡೀ ದಿನ ಹೋಗುತ್ತದೆ.

ಕೆಲಸಕ್ಕೆ ಶನಿವಾರ ಮಧ್ಯಾಹ್ನವೋ ಭಾನುವಾರವೋ ಇಟ್ಟುಕೊಳ್ಳಿ. ಜನ ಕೆಲಸ ಮಾಡುತ್ತಿರುವಾಗ ಸ್ವಿಚ್ ಮುಟ್ಟಬೇಡಿ.

ಹಂತ 1: ಈಗಿರುವ ನೆಟ್‌ವರ್ಕ್ ಏನು ಅಂತ ಬರೆದುಕೊಳ್ಳಿ

ಜಾಸ್ತಿ ಜನ ಬಿಟ್ಟುಬಿಡುವ ಹಂತ ಇದು. ಅರ್ಧ ಗಂಟೆ ಸಾಕು.

ಯಾವುದಾದರೂ ಒಂದು ಕಂಪ್ಯೂಟರ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ipconfig /all ಅಂತ ಟೈಪ್ ಮಾಡಿ ಎಂಟರ್ ಒತ್ತಿ. ಬರುವ ಉದ್ದ ಪಟ್ಟಿಯಲ್ಲಿ ನಾಲ್ಕು ಸಾಲು ನೋಡಿ: ಐಪಿ ಅಡ್ರೆಸ್, ಸಬ್‌ನೆಟ್ ಮಾಸ್ಕ್, ಡೀಫಾಲ್ಟ್ ಗೇಟ್‌ವೇ, ಡಿಎಚ್‌ಸಿಪಿ ಸರ್ವರ್. ಕೊನೆಯ ಸಾಲಿನಲ್ಲಿರುವುದೇ ನಿಮ್ಮ ಆಫೀಸಿನಲ್ಲಿ ಐಪಿ ಹಂಚುವ ಯಜಮಾನ. ಸಾಮಾನ್ಯವಾಗಿ ಅದು ಇಂಟರ್ನೆಟ್‌ನವರು ಕೊಟ್ಟ ಡಬ್ಬಿಯೇ ಆಗಿರುತ್ತದೆ.

ಆ ಡಬ್ಬಿಗೆ ಲಾಗಿನ್ ಆಗಿ, ಅದು ಎಲ್ಲಿಂದ ಎಲ್ಲಿಯವರೆಗೆ ಅಡ್ರೆಸ್ ಹಂಚುತ್ತದೆ ನೋಡಿ. ಉದಾಹರಣೆಗೆ 192.168.1.100ರಿಂದ 149ರವರೆಗೆ ಇದೆ ಅಂದುಕೊಳ್ಳಿ. ಅಂದರೆ 50 ಅಡ್ರೆಸ್. 18 ಕಂಪ್ಯೂಟರ್ ಇದ್ದಾಗ ಧಾರಾಳ. ಆದರೆ ವೈಫೈ ಬಂದ ಮೇಲೆ 18 ಜನರ ಫೋನು, ಐದಾರು ಲ್ಯಾಪ್‌ಟಾಪು, ಬಂದುಹೋಗುವವರ ಫೋನು ಎಲ್ಲ ಸೇರುತ್ತವೆ. ತಿಂಗಳೊಳಗೆ ಅಡ್ರೆಸ್ ಖಾಲಿ. ಈಗಲೇ 100ರಿಂದ 199ರವರೆಗೆ ಹಿಗ್ಗಿಸಿ. ಹಿಗ್ಗಿಸುವ ಮೊದಲು 150ರಿಂದ 199ರೊಳಗೆ ಕೈಯಾರೆ ಅಡ್ರೆಸ್ ಕೊಟ್ಟ ಸಾಧನ ಯಾವುದೂ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ.

ಆಮೇಲೆ ಹಾಗೆ ಕೈಯಾರೆ ಅಡ್ರೆಸ್ ಕೊಟ್ಟಿರುವ ಸಾಧನಗಳ ಪಟ್ಟಿ ಮಾಡಿ. ಟ್ಯಾಲಿ ಸರ್ವರ್, ಪ್ರಿಂಟರ್, ಸಿಸಿಟಿವಿ ರೆಕಾರ್ಡರ್, ಬೆರಳು ಒತ್ತುವ ಹಾಜರಾತಿ ಮಷಿನ್. ಈ ಹಾಜರಾತಿ ಮಷಿನ್ ಬಗ್ಗೆ ಹುಷಾರು. ನಮ್ಮಲ್ಲಿ ಸಿಗುವ ಎಷ್ಟೋ ಮಷಿನ್‌ಗಳು ಕಂಪನಿಯಿಂದಲೇ 192.168.1.201 ಅಂತ ಇಟ್ಟುಕೊಂಡು ಬರುತ್ತವೆ. ಯಾರೂ ಬದಲಾಯಿಸಿರುವುದಿಲ್ಲ. ಹೊಸ ಸಾಧನಕ್ಕೆ ಅದೇ ಅಡ್ರೆಸ್ ಕೊಟ್ಟರೆ ಹಾಜರಾತಿಯೂ ಹೋಯಿತು, ವೈಫೈಯೂ ಹೋಯಿತು.

ಹಂತ 2: ಎಲ್ಲಿ ಇಡಬೇಕು ಅಂತ ನಡೆದು ನೋಡಿ

ಸ್ವಿಚ್ ಪಕ್ಕದಲ್ಲಿ ಜಾಗ ಇದೆ ಅಂತ ಅಲ್ಲೇ ಇಡುವುದು ತಪ್ಪು. ಸ್ವಿಚ್ ಇರುವುದು ಮೂಲೆಯಲ್ಲಿ, ಫೈಲ್ ತುಂಬಿದ ಉಕ್ಕಿನ ಬೀರುಗಳ ಹಿಂದೆ. ಉಕ್ಕು ವೈಫೈಯನ್ನು ತಡೆದು ನಿಲ್ಲಿಸುತ್ತದೆ. ಕಾಂಕ್ರೀಟ್ ಗೋಡೆ, ಕರಾವಳಿಯ ದಪ್ಪ ಕೆಂಪುಕಲ್ಲಿನ ಗೋಡೆ, ದೊಡ್ಡ ಕನ್ನಡಿ, ಲಿಫ್ಟ್ ಓಡಾಡುವ ಗೂಡು ಇವೂ ಅಷ್ಟೇ. ಪ್ಲೈವುಡ್ ಪಾರ್ಟಿಷನ್, ಜಿಪ್ಸಮ್ ಗೋಡೆ ಅಷ್ಟೇನೂ ತೊಂದರೆ ಕೊಡುವುದಿಲ್ಲ.

ಒಂದು ಸರಳ ಉಪಾಯ ಇದೆ. ವೈಫೈ ಸಾಧನವನ್ನು ನೆಟ್‌ವರ್ಕ್‌ಗೆ ಸೇರಿಸಬೇಡಿ, ಬರೀ ಕರೆಂಟ್ ಕೊಡಿ. ನೀವು ಅಂದುಕೊಂಡ ಜಾಗದಲ್ಲಿ ಏಣಿಯ ಮೇಲೋ ಬೀರುವಿನ ಮೇಲೋ ಎತ್ತರಕ್ಕೆ ಇಡಿ. ಫೋನ್‌ನಲ್ಲಿ ಅನಲೈಜರ್ ಆ್ಯಪ್ ತೆರೆದು ಆಫೀಸೆಲ್ಲ ಸುತ್ತಿ. ಜನ ಕೂರುವ ಪ್ರತಿ ಜಾಗದಲ್ಲೂ ನಿಂತು, 5 ಗಿಗಾಹರ್ಟ್ಸ್ ಸಿಗ್ನಲ್‌ನ ಅಂಕಿ ಬರೆದುಕೊಳ್ಳಿ. ಮೈನಸ್ 67 ಡಿಬಿಎಂ ಅಥವಾ ಅದಕ್ಕಿಂತ ಚೆನ್ನಾಗಿರಬೇಕು. ಮೈನಸ್ 55 ಬಂದರೆ ಬಹಳ ಚೆನ್ನ. ಮೈನಸ್ 75 ಬಂದರೆ ಅಲ್ಲಿ ವಿಡಿಯೋ ಕಾಲ್ ಕಡಿದು ಹೋಗುತ್ತದೆ. ಬಾಗಿಲು ಹಾಕಿಕೊಂಡೇ ಅಳೆಯಿರಿ. ಕೆಲಸದ ದಿನ ಕ್ಯಾಬಿನ್ ಬಾಗಿಲು ಮುಚ್ಚಿಯೇ ಇರುತ್ತದೆ ಅಲ್ವಾ?

ಒಂದು ಸಾಧನ ಸಾಲದು ಅಂತ ಕಂಡರೆ ಎರಡು ಹಾಕಿ. ಒಂದರದ್ದೇ ಪವರ್ ಏರಿಸುತ್ತಾ ಹೋಗಬೇಡಿ. ಸಾಧನದ ಸಿಗ್ನಲ್ ಎಷ್ಟೇ ಜೋರಾಗಿದ್ದರೂ ಫೋನ್‌ನ ಸಣ್ಣ ಆಂಟೆನಾದಿಂದ ವಾಪಸ್ ಬರುವ ಸಿಗ್ನಲ್ ಜೋರಾಗುವುದಿಲ್ಲ.

ಹಂತ 3: ಯಾವ ಸಾಧನ ಕೊಳ್ಳಬೇಕು

ಅಂಗಡಿಯಲ್ಲಿ "ಆಕ್ಸೆಸ್ ಪಾಯಿಂಟ್" ಅಂತಲೇ ಕೇಳಿ. ಸೀಲಿಂಗ್‌ಗೆ ಹಾಕುವ ತಟ್ಟೆಯಂಥದ್ದು. ಅದು ಐಪಿ ಹಂಚುವ ಉಸಾಬರಿಗೆ ಹೋಗುವುದಿಲ್ಲ. ಕೇಬಲ್‌ನಲ್ಲಿ ಬಂದದ್ದನ್ನು ಗಾಳಿಯಲ್ಲಿ ಬಿಡುತ್ತದೆ, ಅಷ್ಟೇ. ಮನೆಗೆ ಹಾಕುವ ರೂಟರ್ ಈಗಾಗಲೇ ಇದ್ದರೆ ಅದನ್ನೂ ಬಳಸಬಹುದು, ಆದರೆ ಹಂತ 5ರಲ್ಲಿ ಹೇಳುವಂತೆ ಅದರ ಬುದ್ಧಿ ಬದಲಾಯಿಸಬೇಕು. ಮನೆಯ ರೂಟರ್ ಮೇಲೆ 15-20 ಸಾಧನಕ್ಕಿಂತ ಜಾಸ್ತಿ ಭಾರ ಹೇರಬೇಡಿ ಅನ್ನುವುದು ನನ್ನ ಅನುಭವ.

ಗೋಡೆಗೆ ಚುಚ್ಚುವ ರಿಪೀಟರ್ ಆಫೀಸಿಗೆ ಬೇಡ. ಅದು ಗಾಳಿಯಲ್ಲೇ ತಗೊಂಡು ಗಾಳಿಯಲ್ಲೇ ಕೊಡುತ್ತದೆ. ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ನಿಮ್ಮಲ್ಲಿ ಕೇಬಲ್ ಇದೆ, ಅದನ್ನೇ ಬಳಸಿ.

ಸೀಲಿಂಗ್‌ನಲ್ಲಿ ಪ್ಲಗ್ ಇರುವುದಿಲ್ಲ. ಅದಕ್ಕೆ ನೆಟ್‌ವರ್ಕ್ ಕೇಬಲ್‌ನಲ್ಲೇ ಕರೆಂಟ್ ಕಳಿಸುವ ಪಿಒಇ ಬೇಕು. ಸಾಧನದ ಡಬ್ಬಿಯ ಮೇಲೆ 802.3ಎಎಫ್ ಅಂತ ಇದ್ದರೆ ಸ್ವಿಚ್‌ನ ಪೋರ್ಟ್ 15.4 ವಾಟ್‌ವರೆಗೆ ಕೊಡುತ್ತದೆ. 802.3ಎಟಿ ಅಂತ ಇದ್ದರೆ 30 ವಾಟ್. ಸಾಧನ ಕೇಳುವಷ್ಟನ್ನು ಸ್ವಿಚ್ ಕೊಡುವಂತಿರಬೇಕು. ಎಟಿ ಸ್ವಿಚ್‌ಗೆ ಎಎಫ್ ಸಾಧನ ಹಾಕಬಹುದು, ಎಟಿ ಕೇಳುವ ಸಾಧನಕ್ಕೆ ಎಎಫ್ ಸ್ವಿಚ್ ಸಾಲದು. "ಪ್ಯಾಸಿವ್ 24 ವೋಲ್ಟ್" ಅಂತ ಬರೆದ ಇಂಜೆಕ್ಟರ್ ಬಂದರೆ ಮಾತ್ರ ತುಂಬಾ ಜಾಗ್ರತೆ. ಅದು ಆ ಕಡೆ ಏನಿದೆ ಅಂತ ನೋಡದೆ ಕರೆಂಟ್ ಹರಿಸುತ್ತದೆ. ತಪ್ಪಿ ಕಂಪ್ಯೂಟರ್‌ಗೆ ಹಾಕಿದರೆ ಅದರ ಲ್ಯಾನ್ ಪೋರ್ಟ್ ಸುಟ್ಟುಹೋಗಬಹುದು. ಅದರ ಜೊತೆ ಬಂದ ಸಾಧನಕ್ಕೆ ಮಾತ್ರ ಹಾಕಿ, ಮೇಲೊಂದು ಕೆಂಪು ಟೇಪ್ ಸುತ್ತಿ.

ಹಂತ 4: ಕೇಬಲ್ ಎಳೆಯಿರಿ

ಸ್ವಿಚ್‌ನಿಂದ ಸಾಧನದವರೆಗೆ 100 ಮೀಟರ್ ದಾಟಬಾರದು. ಕ್ಯಾಟ್ 6 ಹಾಕಿ. ಕೊಳ್ಳುವಾಗ ಒಂದು ಪರೀಕ್ಷೆ ಮಾಡಿ. ತುದಿಯ ಒಂದು ತಂತಿಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೂ ಕೆಂಪಗೇ ಇದ್ದರೆ ಪೂರ್ತಿ ತಾಮ್ರ. ಬೆಳ್ಳಗೆ ಕಂಡರೆ ಅದು ಅಲ್ಯುಮಿನಿಯಂ ಮೇಲೆ ತಾಮ್ರದ ಲೇಪ. ಬೆಲೆ ಕಡಿಮೆ ಅಂತ ಅಂಗಡಿಯವರು ಅದನ್ನೇ ಮುಂದಿಡುತ್ತಾರೆ. ಅದು ಬೇಗ ಮುರಿಯುತ್ತದೆ, ಪಿಒಇ ಹರಿದಾಗ ಬಿಸಿಯಾಗುತ್ತದೆ. ತಗೋಬೇಡಿ.

ಕರೆಂಟ್ ವೈರ್ ಇರುವ ಪೈಪಿನಲ್ಲೇ ನೆಟ್‌ವರ್ಕ್ ಕೇಬಲ್ ತುರುಕಬೇಡಿ. ಅಪಾಯವೂ ಹೌದು, ಸಿಗ್ನಲ್‌ಗೂ ಕೆಟ್ಟದ್ದು. ದಾಟಲೇಬೇಕಾದ ಕಡೆ ಅಡ್ಡಡ್ಡ ದಾಟಿಸಿ.

ಕ್ರಿಂಪ್ ಮಾಡುವಾಗ ಬಣ್ಣದ ಸಾಲು ಎರಡೂ ತುದಿಗೆ ಒಂದೇ ಇರಲಿ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಕನೆಕ್ಟರ್‌ನ ಲಾಕ್ ಕಡ್ಡಿ ಕೆಳಗೆ ಮಾಡಿ, ಕೇಬಲ್ ನಿಮ್ಮ ಕಡೆ ಇರುವಂತೆ ಹಿಡಿದಾಗ ಎಡದಿಂದ ಈ ಸಾಲು. ಹೊರಗಿನ ಸಿಪ್ಪೆ ಕೂಡ ಕನೆಕ್ಟರ್ ಒಳಗೆ ಹೋಗಿ ಒತ್ತಿಕೊಳ್ಳಬೇಕು. ಬರೀ ತಂತಿಗಳು ಹೊರಗೆ ಕಾಣುತ್ತಿದ್ದರೆ ಕತ್ತರಿಸಿ ಮತ್ತೆ ಮಾಡಿ. ಟೆಸ್ಟರ್‌ನಲ್ಲಿ 1ರಿಂದ 8ರವರೆಗೆ ದೀಪ ಸಾಲಾಗಿ ಹತ್ತಬೇಕು. ಎಂಟರಲ್ಲಿ ಒಂದು ಹತ್ತದಿದ್ದರೂ ಗಿಗಾಬಿಟ್ ಸಿಗುವುದಿಲ್ಲ. ಎಷ್ಟೋ ಸಲ 100 ಎಂಬಿಪಿಎಸ್‌ಗೆ ಇಳಿದು ಹಾಗೇ ಕೆಲಸ ಮಾಡುತ್ತಿರುತ್ತದೆ. ಯಾರಿಗೂ ಗೊತ್ತಾಗುವುದೇ ಇಲ್ಲ.

ಎರಡೂ ತುದಿಗೆ ಮಾರ್ಕರ್‌ನಿಂದ ಹೆಸರು ಬರೆಯಿರಿ. "ವೈಫೈ ಹಾಲ್", "ವೈಫೈ ಮೇಲ್ಮಹಡಿ" ಹೀಗೆ.

ಹಂತ 5: ಸಾಧನವನ್ನು ಟೇಬಲ್ ಮೇಲೆ ತಯಾರು ಮಾಡಿ

ಇದು ಎಲ್ಲಕ್ಕಿಂತ ಮುಖ್ಯ ಹಂತ. ಇದು ಮುಗಿಯುವವರೆಗೆ ಸಾಧನವನ್ನು ಆಫೀಸ್ ಸ್ವಿಚ್‌ಗೆ ಹಾಕಬೇಡಿ.

ನಿಮ್ಮ ಲ್ಯಾಪ್‌ಟಾಪ್‌ನ ವೈಫೈ ಆಫ್ ಮಾಡಿ. ಪ್ಯಾಚ್ ಕೇಬಲ್‌ನಿಂದ ಲ್ಯಾಪ್‌ಟಾಪನ್ನು ನೇರ ಹೊಸ ರೂಟರ್‌ನ ಲ್ಯಾನ್ ಪೋರ್ಟ್‌ಗೆ ಹಾಕಿ. ಅದರ ತಳದಲ್ಲಿ ಅಂಟಿಸಿರುವ ಅಡ್ರೆಸ್‌ಗೆ ಬ್ರೌಸರ್‌ನಲ್ಲಿ ಹೋಗಿ. ಮೊದಲ ಕೆಲಸ ಅಡ್ಮಿನ್ ಪಾಸ್‌ವರ್ಡ್ ಬದಲಾಯಿಸುವುದು.

ಸೆಟಿಂಗ್ಸ್‌ನಲ್ಲಿ "ಆಪರೇಷನ್ ಮೋಡ್" ಹುಡುಕಿ. ಅಲ್ಲಿ "ಆಕ್ಸೆಸ್ ಪಾಯಿಂಟ್" ಅಂತ ಇದ್ದರೆ ಆರಿಸಿ ಸೇವ್ ಮಾಡಿ. ಆಮೇಲೆ ಡಿಎಚ್‌ಸಿಪಿ ನಿಜಕ್ಕೂ ಆಫ್ ಆಗಿದೆಯಾ ಅಂತ ಕಣ್ಣಾರೆ ನೋಡಿ.

ನೀವು ವೈಫೈಗೆ ಹಾಕುತ್ತಿರುವುದು ಆ ಆಯ್ಕೆ ಇಲ್ಲದ ಹಳೆಯ ಮಾಡೆಲ್ ಆದರೆ ಕೈಯಾರೆ ಮಾಡಬೇಕು. ಇಲ್ಲಿ ಕ್ರಮ ತಪ್ಪಬಾರದು.

ಮೊದಲು ಅದರ ಲ್ಯಾನ್ ಐಪಿ ಬದಲಾಯಿಸಿ. ನಿಮ್ಮ ಆಫೀಸಿನದೇ ಸಾಲಿನಲ್ಲಿ ಇರಬೇಕು, ಹಂಚುವ ಸಾಲಿನ ಹೊರಗಿರಬೇಕು, ಯಾರೂ ಬಳಸುತ್ತಿರಬಾರದು. ನಮ್ಮ ಉದಾಹರಣೆಯಲ್ಲಿ 192.168.1.5 ಇಟ್ಟುಕೊಳ್ಳೋಣ. ಬರೀ ಪಿಂಗ್ (ಆ ಅಡ್ರೆಸ್‌ನಲ್ಲಿ ಯಾರಾದರೂ ಇದ್ದಾರಾ ಅಂತ ಕೇಳುವ ಕಮಾಂಡ್) ಮಾಡಿ ಉತ್ತರ ಬರಲಿಲ್ಲ ಅಂತ ಖಾಲಿ ಇದೆ ಅಂದುಕೊಳ್ಳಬೇಡಿ. ಆಫ್ ಆಗಿರುವ ಪ್ರಿಂಟರ್ ಕೂಡ ಉತ್ತರ ಕೊಡುವುದಿಲ್ಲ. ಹಂತ 1ರ ಪಟ್ಟಿ ನೋಡಿ.

ರೂಟರ್ ರೀಸ್ಟಾರ್ಟ್ ಆಗುತ್ತದೆ. ಹೊಸ ಅಡ್ರೆಸ್‌ನಿಂದ ಮತ್ತೆ ಲಾಗಿನ್ ಆಗಿ. ಈಗ ಡಿಎಚ್‌ಸಿಪಿ ಆಫ್ ಮಾಡಿ, ಸೇವ್ ಮಾಡಿ.

ಇಲ್ಲಿಗೆ ಬಂದಾಗ ಸುಮಾರು ಜನ ಗಾಬರಿಯಾಗುತ್ತಾರೆ. ಕೇಬಲ್ ಒಮ್ಮೆ ತೆಗೆದು ಹಾಕಿದರೆ ಲ್ಯಾಪ್‌ಟಾಪ್‌ಗೆ 169.254 ಅಂತ ಶುರುವಾಗುವ ಅಡ್ರೆಸ್ ಬರುತ್ತದೆ, ರೂಟರ್ ಪೇಜ್ ತೆರೆಯುವುದಿಲ್ಲ. ಕೆಟ್ಟಿತು ಅಂತ ರೀಸೆಟ್ ಒತ್ತಿಬಿಡುತ್ತಾರೆ. ಮಾಡಿದ್ದೆಲ್ಲ ಹೋಗುತ್ತದೆ. ಕೆಟ್ಟಿಲ್ಲ, ಅದು ಐಪಿ ಹಂಚುವುದನ್ನು ನಿಲ್ಲಿಸಿದೆ ಅನ್ನುವುದಕ್ಕೆ ಅದೇ ಸಾಕ್ಷಿ. ಲ್ಯಾಪ್‌ಟಾಪ್‌ಗೆ ಕೈಯಾರೆ 192.168.1.6 ಕೊಟ್ಟರೆ ಪೇಜ್ ತೆರೆಯುತ್ತದೆ. ಕೆಲಸ ಮುಗಿದ ಮೇಲೆ ಅದನ್ನು ಮತ್ತೆ ಆಟೋಮ್ಯಾಟಿಕ್‌ಗೆ ಹಾಕುವುದು ಮರೆಯಬೇಡಿ.

ಹಂತ 6: ಹೆಸರು, ಪಾಸ್‌ವರ್ಡ್, ಚಾನೆಲ್

ವೈಫೈ ಹೆಸರು ಇಂಗ್ಲಿಷ್ ಅಕ್ಷರದಲ್ಲಿ, ಸ್ಪೇಸ್ ಇಲ್ಲದೆ, ಚಿಕ್ಕದಾಗಿ ಇರಲಿ. ಎರಡು ಸಾಧನ ಇದ್ದರೆ ಎರಡಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್, ಒಂದೇ ಸೆಕ್ಯುರಿಟಿ. ಆಗ ಫೋನ್ ತಾನೇ ಹತ್ತಿರದ್ದಕ್ಕೆ ಹಾರುತ್ತದೆ. ಹೆಸರು ಅಡಗಿಸಿಟ್ಟರೆ ಭದ್ರ ಅನ್ನುವುದು ಸುಳ್ಳು. ಅದರಿಂದ ನಿಮ್ಮವರಿಗೇ ತೊಂದರೆ.

ಸೆಕ್ಯುರಿಟಿಗೆ ಡಬ್ಲ್ಯುಪಿಎ2 ಎಇಎಸ್, ಅಥವಾ ಡಬ್ಲ್ಯುಪಿಎ2-ಡಬ್ಲ್ಯುಪಿಎ3 ಎರಡೂ ಸೇರಿದ್ದು ಹಾಕಿ. ಟಿಕೆಐಪಿ ಬೇಡ. ಅದು ಹಳತು, ವೇಗವೂ 54 ಎಂಬಿಪಿಎಸ್‌ಗೆ ಕುಸಿಯುತ್ತದೆ. ಡಬ್ಲ್ಯುಪಿಎಸ್ (ಪಾಸ್‌ವರ್ಡ್ ಇಲ್ಲದೆ ಬಟನ್ ಒತ್ತಿಯೋ ಪಿನ್ ಕೊಟ್ಟೋ ವೈಫೈ ಸೇರುವ ಸೌಲಭ್ಯ) ಆಫ್ ಮಾಡಿ. ಪಾಸ್‌ವರ್ಡ್ ಆಫೀಸಿನ ಹೆಸರಿನ ಮುಂದೆ 123 ಅಲ್ಲ, ಬೋರ್ಡಿನ ಮೇಲಿರುವ ಫೋನ್ ನಂಬರೂ ಅಲ್ಲ. 14 ಅಕ್ಷರಕ್ಕೆ ಕಡಿಮೆ ಬೇಡ.

2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ ಮೂರೇ: 1, 6, 11. ಅನಲೈಜರ್‌ನಲ್ಲಿ ಅಕ್ಕಪಕ್ಕದವರು ಎಲ್ಲಿದ್ದಾರೆ ನೋಡಿ, ಕಡಿಮೆ ಗದ್ದಲ ಇರುವುದನ್ನು ಆರಿಸಿ. ನಿಮ್ಮ ಎರಡು ಸಾಧನಕ್ಕೆ ಬೇರೆ ಬೇರೆ ಚಾನೆಲ್ ಕೊಡಿ. ಅಗಲ 20 ಮೆಗಾಹರ್ಟ್ಸ್ ಮಾತ್ರ. 5 ಗಿಗಾಹರ್ಟ್ಸ್‌ನಲ್ಲಿ 36ರಿಂದ 48ರ ಒಳಗೆ ಒಂದು, ಇನ್ನೊಂದಕ್ಕೆ 149ರಿಂದ ಮೇಲೆ. ಅಗಲ 40 ಸಾಕು.

2.4ರ ಪವರ್ ಪೂರ್ತಿ ಏರಿಸಬೇಡಿ, ಮಧ್ಯಮದಲ್ಲಿಡಿ. ಪೂರ್ತಿ ಏರಿಸಿದರೆ ಫೋನ್ ದೂರದ ಸಾಧನವನ್ನೇ ಹಿಡಿದುಕೊಂಡು ಕೂರುತ್ತದೆ, ತಲೆಯ ಮೇಲೇ ಇರುವುದಕ್ಕೆ ಬರುವುದಿಲ್ಲ.

ಹಂತ 7: ಈಗ ಸ್ವಿಚ್‌ಗೆ ಹಾಕಿ

ರೂಟರ್ ಆದರೆ ಸ್ವಿಚ್‌ನಿಂದ ಬಂದ ಕೇಬಲ್ ಅದರ ಲ್ಯಾನ್ ಪೋರ್ಟ್‌ಗೆ ಹೋಗಬೇಕು, ಇಂಟರ್ನೆಟ್ ಲೈನ್‌ಗಾಗಿ ಇರುವ, ಬಣ್ಣ ಬೇರೆ ಇರುವ ವ್ಯಾನ್ ಪೋರ್ಟ್‌ಗೆ ಅಲ್ಲ. ಆಕ್ಸೆಸ್ ಪಾಯಿಂಟ್ ಮೋಡ್ ಆರಿಸಿದ್ದರೆ ಸಾಮಾನ್ಯವಾಗಿ ಯಾವುದಾದರೂ ನಡೆಯುತ್ತದೆ. ರೂಟರ್ ಮೋಡ್‌ನಲ್ಲೇ ಬಿಟ್ಟು ವ್ಯಾನ್‌ಗೆ ಹಾಕಿದರೆ ಇಂಟರ್ನೆಟ್ ಬರುತ್ತದೆ, ಎಲ್ಲರಿಗೂ ಖುಷಿಯಾಗುತ್ತದೆ. ಪ್ರಿಂಟ್ ಕೊಡಲು ಹೋದಾಗ ಪ್ರಿಂಟರ್ ಪಟ್ಟಿಯಲ್ಲೇ ಇರುವುದಿಲ್ಲ. ವೈಫೈ ಲ್ಯಾಪ್‌ಟಾಪ್‌ನಲ್ಲಿ ಶೇರ್ ಮಾಡಿದ ಫೋಲ್ಡರ್ ಕೇಬಲ್‌ನವರಿಗೆ ಸಿಗುವುದಿಲ್ಲ.

ಇಂಜೆಕ್ಟರ್ ಬಳಸುತ್ತಿದ್ದರೆ "ಲ್ಯಾನ್" ಅಂತ ಬರೆದ ತೂತು ಸ್ವಿಚ್‌ಗೆ, "ಪಿಒಇ" ಅಂತ ಬರೆದದ್ದು ಸಾಧನಕ್ಕೆ. ಉಲ್ಟಾ ಹಾಕುವವರು ಬಹಳ. ಸ್ವಿಚ್, ಇಂಟರ್ನೆಟ್ ಡಬ್ಬಿ, ಇಂಜೆಕ್ಟರ್ ಮೂರನ್ನೂ ಯುಪಿಎಸ್‌ಗೆ ಹಾಕಿ. ಒಂದು ಬಿಟ್ಟರೂ ಕರೆಂಟ್ ಹೋದಾಗ ವೈಫೈ ಹೋಗುತ್ತದೆ.

ಇಂಟರ್ನೆಟ್ ಡಬ್ಬಿಯಲ್ಲಿ ಮೊದಲೇ ಇದ್ದ ವೈಫೈ ಈಗ ಆಫ್ ಮಾಡಿ. ಇಲ್ಲದಿದ್ದರೆ ಹಳೆಯ ಹೆಸರು ನೆನಪಿಟ್ಟುಕೊಂಡ ಫೋನ್‌ಗಳು ಆ ಮೂಲೆಯ ಸಿಗ್ನಲ್‌ಗೇ ಅಂಟಿಕೊಂಡು "ಹೊಸ ವೈಫೈ ಸ್ಲೋ" ಅನ್ನಿಸುತ್ತವೆ.

ಹಂತ 8: ಬಂದುಹೋಗುವವರಿಗೆ ವೈಫೈ

ಇಲ್ಲಿ ನನ್ನ ಅಭಿಪ್ರಾಯ ಖಡಾಖಂಡಿತ. ಸರಿಯಾಗಿ ಬೇರ್ಪಡಿಸಲು ಆಗದಿದ್ದರೆ ಗೆಸ್ಟ್ ವೈಫೈ ಕೊಡಲೇಬೇಡಿ. ನಿಮ್ಮ ಸರ್ವರ್‌ನಲ್ಲಿ ಗ್ರಾಹಕರ ಪ್ಯಾನ್, ಬ್ಯಾಂಕ್ ವಿವರ ಎಲ್ಲ ಇರುತ್ತದೆ.

ಅಗ್ಗದ ರೂಟರ್‌ನಲ್ಲಿ "ಗೆಸ್ಟ್ ನೆಟ್‌ವರ್ಕ್" ಬಟನ್ ಇರುತ್ತದೆ. ಆಕ್ಸೆಸ್ ಪಾಯಿಂಟ್ ಮೋಡ್‌ನಲ್ಲಿ ಎಷ್ಟೋ ರೂಟರ್‌ಗಳಲ್ಲಿ ಅದು ಬರೀ ಇನ್ನೊಂದು ಹೆಸರು, ಒಳಗೆ ಎಲ್ಲ ಒಂದೇ. ಪರೀಕ್ಷೆ ಸುಲಭ. ಗೆಸ್ಟ್ ವೈಫೈಗೆ ಫೋನ್ ಸೇರಿಸಿ, ಬ್ರೌಸರ್‌ನಲ್ಲಿ ಪ್ರಿಂಟರ್‌ನ ಐಪಿ ಹೊಡೆಯಿರಿ. ಪ್ರಿಂಟರ್‌ನ ಪೇಜ್ ತೆರೆದುಕೊಂಡರೆ ಬೇರ್ಪಟ್ಟಿಲ್ಲ ಅಂತಲೇ ಅರ್ಥ. ಇನ್ನು ಕೆಲವರು ಗೆಸ್ಟ್‌ಗೆ ಬೇರೆ ರೂಟರ್ ತಂದು ಅದರ ವ್ಯಾನ್ ಪೋರ್ಟನ್ನು ಆಫೀಸ್ ಸ್ವಿಚ್‌ಗೆ ಹಾಕುತ್ತಾರೆ. ಅದೂ ತಪ್ಪು. ಆ ಫೋನ್‌ಗಳು ಹೊರಗೆ ಹೋಗುವುದೇ ನಿಮ್ಮ ಆಫೀಸ್ ನೆಟ್‌ವರ್ಕ್ ದಾಟಿಕೊಂಡು. ದಾರಿಯಲ್ಲಿ ಸಿಗುವ ಸರ್ವರ್ ಅವಕ್ಕೆ ಸಿಗುತ್ತದೆ.

ಸರಿಯಾದ ದಾರಿ ವಿಲ್ಯಾನ್, ಅಂದರೆ ಅದೇ ಕೇಬಲ್, ಅದೇ ಸ್ವಿಚ್‌ನಲ್ಲಿ ನಂಬರ್ ಕೊಟ್ಟು ನೆಟ್‌ವರ್ಕನ್ನು ಬೇರೆ ಬೇರೆ ಭಾಗ ಮಾಡುವುದು. ಅದಕ್ಕೆ ವಿಲ್ಯಾನ್ ತಿಳಿಯುವ ರೂಟರ್, ಮ್ಯಾನೇಜ್ಡ್ ಸ್ವಿಚ್, ಆಕ್ಸೆಸ್ ಪಾಯಿಂಟ್ ಮೂರೂ ಬೇಕು. ಆಫೀಸಿಗೆ 10, ಗೆಸ್ಟ್‌ಗೆ 20 ಅಂತ ನಂಬರ್ ಕೊಟ್ಟಿರಿ ಅಂದುಕೊಳ್ಳಿ. ಸಾಧನದಲ್ಲಿ ಹಾಕಿ, ಸ್ವಿಚ್‌ನ ಆ ಪೋರ್ಟ್‌ನಲ್ಲಿ 20ನ್ನು ಸೇರಿಸುವುದು ಮರೆತರೆ ಗೆಸ್ಟ್ ಫೋನ್‌ಗೆ ಐಪಿಯೇ ಬರುವುದಿಲ್ಲ. ಸ್ವಿಚ್‌ನಿಂದ ರೂಟರ್‌ಗೆ ಹೋಗುವ ಪೋರ್ಟ್‌ನಲ್ಲೂ 20 ಇರಬೇಕು. ಕೊನೆಗೆ 20ರಿಂದ 10ಕ್ಕೆ ಹೋಗಬಾರದು ಅನ್ನುವ ನಿಯಮ ರೂಟರ್‌ನಲ್ಲಿ ಬರೆದು, ಮೇಲೆ ಹೇಳಿದ ಪ್ರಿಂಟರ್ ಪರೀಕ್ಷೆ ಮತ್ತೆ ಮಾಡಿ.

ಹಂತ 9: ಸೋಮವಾರಕ್ಕೆ ಮೊದಲು ಪರೀಕ್ಷೆ

ಕೇಬಲ್‌ನ ಎರಡು ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ. ಡಿಎಚ್‌ಸಿಪಿ ಸರ್ವರ್ ಸಾಲಿನಲ್ಲಿ ಹಳೆಯ ಯಜಮಾನನೇ ಇದ್ದಾನಾ ನೋಡಿ. ವೈಫೈ ಲ್ಯಾಪ್‌ಟಾಪ್‌ನಲ್ಲೂ ಅದೇ ಬರಬೇಕು.

ಆ ಲ್ಯಾಪ್‌ಟಾಪ್‌ನಿಂದ ಒಂದು ಪ್ರಿಂಟ್ ಕೊಡಿ. ಶೇರ್ ಫೋಲ್ಡರ್ ತೆರೆಯಿರಿ. ಕಾಣದಿದ್ದರೆ ವಿಂಡೋಸ್ ಆ ವೈಫೈಯನ್ನು "ಪಬ್ಲಿಕ್" ಅಂತ ಗುರುತಿಸಿರಬಹುದು, "ಪ್ರೈವೇಟ್" ಮಾಡಿ. ಆದರೂ ಕಾಣದಿದ್ದರೆ ಸಾಧನದಲ್ಲಿ "ಎಪಿ ಐಸೊಲೇಷನ್" (ವೈಫೈ ಸಾಧನಗಳು ಒಂದಕ್ಕೊಂದು ಸಿಗದಂತೆ ತಡೆಯುವ ಆಯ್ಕೆ) ಆನ್ ಇದೆಯಾ ನೋಡಿ.

ಆಮೇಲೆ ಹಂತ 1ರಲ್ಲಿ ಬರೆದುಕೊಂಡ ಡೀಫಾಲ್ಟ್ ಗೇಟ್‌ವೇ ಅಡ್ರೆಸ್‌ಗೆ ನಿಲ್ಲದ ಪಿಂಗ್ (ping -t) ಹಚ್ಚಿ, ಲ್ಯಾಪ್‌ಟಾಪ್ ಕೈಯಲ್ಲಿ ಹಿಡಿದು ಆಫೀಸೆಲ್ಲ ನಡೆಯಿರಿ. ಒಂದು ಸಾಧನದಿಂದ ಇನ್ನೊಂದಕ್ಕೆ ಹಾರುವಾಗ ಒಂದೆರಡು ಪಿಂಗ್ ತಪ್ಪಬಹುದು. ಹತ್ತು ತಪ್ಪಿದರೆ ಆ ಜಾಗಕ್ಕೆ ಸಿಗ್ನಲ್ ಸಾಲದು.

ಟ್ಯಾಲಿಯಲ್ಲಿ ಎಂಟ್ರಿ ಮಾಡುವವರನ್ನು ಮಾತ್ರ ಕೇಬಲ್‌ನಲ್ಲೇ ಬಿಡಿ. ಎಂಟ್ರಿ ಮಧ್ಯೆ ವೈಫೈ ಒಂದು ಕ್ಷಣ ಕಡಿದರೂ ಡೇಟಾ ಹಾಳಾಗುವ ಭಯ ಇದೆ. ವೈಫೈ ಇರಲಿ, ಬ್ಯಾಕಪ್ ಮಾತ್ರ ಬಿಡಬೇಡಿ.

ಎಲ್ಲ ಅಡ್ರೆಸ್, ಯಾವ ಕೇಬಲ್ ಯಾವ ಪೋರ್ಟ್‌ಗೆ ಅನ್ನುವುದನ್ನು ಒಂದು ಹಾಳೆಯಲ್ಲಿ ಬರೆದು ಸ್ವಿಚ್ ಇರುವ ಡಬ್ಬಿಯ ಬಾಗಿಲ ಒಳಗೆ ಅಂಟಿಸಿ. ಪಾಸ್‌ವರ್ಡ್ ಅಲ್ಲಿ ಬೇಡ, ಅದು ಮಾಲೀಕರ ಹತ್ತಿರ ಇರಲಿ. ಯಾರಾದರೂ ಕೆಲಸ ಬಿಟ್ಟ ದಿನವೇ ವೈಫೈ ಪಾಸ್‌ವರ್ಡ್ ಬದಲಾಯಿಸಿ.

ಈ ಲಕ್ಷಣ ಕಂಡರೆ ಏನು ಅರ್ಥ

ಕೆಲವರಿಗೆ ಇಂಟರ್ನೆಟ್ ಇದೆ, ಕೆಲವರಿಗಿಲ್ಲ, ಅದೂ ರೀಸ್ಟಾರ್ಟ್ ಮಾಡಿದವರಿಗೇ ಇಲ್ಲ: ಇಬ್ಬರು ಐಪಿ ಹಂಚುತ್ತಿದ್ದಾರೆ. ಹೊಸ ಸಾಧನದ ಕೇಬಲ್ ತೆಗೆಯಿರಿ, ಕೆಟ್ಟ ಸಿಸ್ಟಮ್‌ಗಳನ್ನು ರೀಸ್ಟಾರ್ಟ್ ಮಾಡಿ, ಹಂತ 5ಕ್ಕೆ ವಾಪಸ್ ಹೋಗಿ. ಕರೆಂಟ್ ಹೋಗಿ ಬಂದ ಮೇಲೆ ಯಾರೋ ರೀಸೆಟ್ ಬಟನ್ ಒತ್ತಿದ್ದರೂ ಹೀಗೇ ಆಗುತ್ತದೆ.

ಬೆಳಿಗ್ಗೆ ಚೆನ್ನಾಗಿದ್ದು ಮಧ್ಯಾಹ್ನ ಹೊಸಬರಿಗೆ ಮಾತ್ರ 169.254 ಬರುತ್ತಿದೆ: ಹಂಚುವ ಅಡ್ರೆಸ್ ಖಾಲಿಯಾಗಿದೆ. ಸಾಲು ಹಿಗ್ಗಿಸಿ.

ವಾರಕ್ಕೊಮ್ಮೆ ಪ್ರಿಂಟರ್ "ಆಫ್‌ಲೈನ್" ಅನ್ನುತ್ತದೆ: ಅದರ ಐಪಿ ಬದಲಾಗುತ್ತಿದೆ. ಹಳೆಯ ರೂಟರ್‌ನಲ್ಲಿ ಅದಕ್ಕೊಂದು ಅಡ್ರೆಸ್ ರಿಸರ್ವ್ ಮಾಡಿ.

ಸಿಗ್ನಲ್ ಪೂರ್ತಿ ಇದೆ, ವೇಗ 90 ಎಂಬಿಪಿಎಸ್ ದಾಟುತ್ತಿಲ್ಲ, ಲೈನ್ ಮಾತ್ರ 200ರದ್ದು: ಸ್ವಿಚ್, ವೈಫೈ ಸಾಧನ ಎರಡರ ಪೋರ್ಟೂ ಗಿಗಾಬಿಟ್‌ನದು ತಾನೇ ನೋಡಿ. ಹೌದಾದರೆ ಕೇಬಲ್‌ನ ಒಂದು ತಂತಿ ಹಿಡಿದಿರಲಿಕ್ಕಿಲ್ಲ, ಮತ್ತೆ ಕ್ರಿಂಪ್ ಮಾಡಿ.

ಸ್ವಿಚ್‌ನ ಎಲ್ಲ ದೀಪಗಳೂ ಒಟ್ಟಿಗೆ, ಬಿಡುವಿಲ್ಲದೆ ಮಿಣುಕುತ್ತಿವೆ, ಇಡೀ ಆಫೀಸ್ ನಿಂತಿದೆ: ಒಂದೇ ಕೇಬಲ್‌ನ ಎರಡೂ ತುದಿ ನೆಟ್‌ವರ್ಕ್‌ಗೇ ಸೇರಿಕೊಂಡಿವೆ. ನೆಲದ ಮೇಲೆ ಬಿದ್ದಿದ್ದ ಕೇಬಲ್ ತುದಿಯನ್ನು ಯಾರೋ ಒಳ್ಳೆಯ ಮನಸ್ಸಿನಿಂದಲೇ ಖಾಲಿ ಪೋರ್ಟ್‌ಗೆ ಹಾಕಿರುತ್ತಾರೆ. ಸ್ವಿಚ್‌ನಿಂದ ಕೇಬಲ್‌ಗಳನ್ನು ಒಂದೊಂದಾಗಿ ತೆಗೆಯಿರಿ. ಯಾವುದನ್ನು ತೆಗೆದಾಗ ದೀಪಗಳು ಶಾಂತವಾಗುತ್ತವೋ ಅದನ್ನು ಕೈಯಲ್ಲಿ ಹಿಡಿದುಕೊಂಡೇ ಅದರ ಇನ್ನೊಂದು ತುದಿ ಹುಡುಕುತ್ತಾ ಹೋಗಿ.